ಏಳನೇ ಪೆಟ್ಟಿಗೆಯ ಮೂರನೇ ಸಾಲು

ಅಕ್ಕ ಕೇಳಿದ್ದು ಒಂದೇ ಮಾತು. ಗುಡ್ಡದ ಬುಡದ ಮನೆಯಲ್ಲಿ ಇರಬೇಕೋ, ಬಿಡಬೇಕೋ?

“ನೀ ಕಲ್ಲಿನ ಶ್ಯಾಣ್ಯಾರ ನಡುವ ಕುಂದರತಿ. ಕೇಳಿ ಹೇಳ. ಹೂಂ ಇಲ್ಲಾ ಊಹೂಂ. ಅಷ್ಟ ಸಾಕ ನಂಗ” ಎಂದು ಫೋನಿನಲ್ಲಿ ಹೇಳಿದಳು.

“ನಾಕ ದಿನದಾಗ ಹೇಳತೇನಿ ತಗೋ” ಎಂದೆ ನಾನು. ಆ ನಾಲ್ಕು ದಿನ ಹೋಗಿ ಈಗ ಎರಡನೇ ಮಳೆಗಾಲ ನಡೆದಿದೆ.

ಮಾತು ಕೊಡುವಾಗ ನನಗೆ ಧೈರ್ಯವೇನೋ ಇತ್ತು. ಕೊಲ್ಹಾಪುರದಲ್ಲಿ ಬಂಡೆ ಎಂಜಿನಿಯರರ ಸಂಘವೊಂದಿದೆ, ನಾನು ಅದರ ಕಚೇರಿಯವಳು. ಸುರಂಗ ಕೊರೆಯುವಲ್ಲಿ, ಅಣೆಕಟ್ಟಿನ ಪಾಯ ತೋಡುವಲ್ಲಿ, ಘಾಟಿನ ರಸ್ತೆಗೆ ಗುಡ್ಡ ಕಡಿಯುವಲ್ಲಿ, ಕಲ್ಲು ನಿಲ್ಲುತ್ತದೋ ಜಾರುತ್ತದೋ ಎಂದು ಹೇಳಬೇಕಾದವರು ಇವರು. ಅವರ ಬೀಗದಕೈ, ಹಾಜರಿ ಪುಸ್ತಕ, ಚಹಾದ ಕಪ್ಪು, ಸಭೆಯ ನಡಾವಳಿ ಎಲ್ಲ ನನ್ನ ಸುಪರ್ದಿಯಲ್ಲಿವೆ. ಇಚಲಕರಂಜಿಯ ಶಹಾಪುರದಲ್ಲಿ ನನ್ನ ಮನೆ. ದಿನಾ ಮುಂಜಾನೆ ಡಬ್ಬಿ ಕಟ್ಟಿಕೊಂಡು ಎಸ್‌ಟಿ ಬಸ್ಸು ಹಿಡಿಯುತ್ತೇನೆ. ನಮ್ಮಪ್ಪ ಬೆಳಗಾವಿ ಕಡೆಯಿಂದ ಕುರಿ ಮಾರಿ ಮಗ್ಗದ ಕೆಲಸಕ್ಕೆ ಬಂದವನು. ಆದರೂ ಅಕ್ಕನನ್ನು ಕುರಿಯಿದ್ದ ಮನೆಗೇ ಕೊಟ್ಟ, ಗಡಹಿಂಗ್ಲಜದಿಂದ ಇನ್ನೊಂದು ಬಸ್ಸು ಹಿಡಿದು ಹೋಗಬೇಕಾದ ಒಂದು ಹಳ್ಳಿಗೆ. ನನ್ನನ್ನು ಮಗ್ಗದವನಿಗೆ ಕೊಟ್ಟ.

ನಾನು ಕೆಲಸಕ್ಕೆ ಸೇರಿದಾಗ ಸಂಘಕ್ಕೆ ಸ್ವಂತ ಕೋಣೆಯಿರಲಿಲ್ಲ. ಗಡಹಿಂಗ್ಲಜದ ಹಿರಿಯರೊಬ್ಬರು ಕೊಲ್ಹಾಪುರದಲ್ಲಿ ಕಲ್ಲು, ಮಣ್ಣು ಪರೀಕ್ಷೆಯ ಸಣ್ಣ ಪ್ರಯೋಗಾಲಯ ನಡೆಸುತ್ತಿದ್ದರು. ಅಲ್ಲಿ ಚೀಟಿ ಬರೆದು ಅಂಟಿಸುವುದು ನನ್ನ ಕೆಲಸ. ಭಾನುವಾರ ಮುಂಜಾನೆ ಹಿಂದಿನ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಕುರ್ಚಿ ಸಾಲದೆ ಇಬ್ಬರು ಕಲ್ಲಿನ ಪೆಟ್ಟಿಗೆಗಳ ಮೇಲೆಯೇ ಕೂರುವರು. ಅದೇ ಸಂಘ.

ಅವರಲ್ಲೊಂದು ಪದ್ಧತಿಯಿತ್ತು. ಮಾತು ಶುರುವಾಗುವ ಮೊದಲು ಯಾರಾದರೂ ಒಂದು ಕಲ್ಲನ್ನು ಮೇಜಿನ ನಡುವೆ ಇಡಬೇಕು. ಅದು ಕೈಯಿಂದ ಕೈಗೆ ಸುತ್ತಿ ಬರಬೇಕು. ಮುಟ್ಟದವರು ಆ ಕಲ್ಲಿನ ಬಗ್ಗೆ ಮಾತಾಡುವಂತಿಲ್ಲ. ಒಬ್ಬರು ಉಗುರಿನಿಂದ ಗೀರುವರು, ಒಬ್ಬರು ಸುತ್ತಿಗೆಯ ಹಿಡಿಕೆಯಿಂದ ತಟ್ಟಿ ಸದ್ದು ಕೇಳುವರು. ಹಿರಿಯರು ಮಾತ್ರ ನಾಲಿಗೆಯ ತುದಿಗೆ ಮುಟ್ಟಿಸುವರು. ಮೊದಲ ಸಲ ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಯಾಕ್ರೀ ಸಾಹೇಬ್ರ, ಮನ್ಯಾಗ ನಾಷ್ಟಾ ಕೊಟ್ಟಿಲ್ಲೇನ್ರಿ?”

ಎಲ್ಲರೂ ನಕ್ಕರು. ಹಿರಿಯರೂ ನಕ್ಕು ಒಂದು ಕಪ್ಪು ಚೂರು, ಒಂದು ಕೆಂಪು ಚೂರು ನನ್ನ ಅಂಗೈಗೆ ಹಾಕಿದರು. “ನೀನೂ ನೋಡವಾ ತಂಗಿ. ಕರೇ ಕಲ್ಲ ನಾಲಗಿಗೆ ಹತ್ತಂಗಿಲ್ಲ. ಕೆಂಪದು ಗಪ್ಪನ ಹಿಡೀತೈತಿ. ಹಿಡದ್ರ ಅದು ನೀರ ಕುಡಿಯೂ ಮಣ್ಣು. ಒಣಗಿದಾಗ ಕಲ್ಲಿನಂಗ ಇರತೈತಿ, ನೆನದ್ರ ಸಾಬೂನ. ನಮ್ಮ ಗುಡ್ಡದಾಗ ಎರಡ ಕರೇ ಬಂಡಿ ನಡುವ ಇಂಥಾದೊಂದ ಪದರ ಕುಂತಿರತೈತಿ. ಅದನ್ನ ಹುಡಕೂದ ನಮ್ಮ ಅರ್ಧಾ ಕೆಲಸ.”

ಆ ಕೆಂಪು ಚೂರನ್ನು ನಾಲಿಗೆಯಿಂದ ಬಿಡಿಸಿಕೊಳ್ಳಲು ಬೆರಳಿನಿಂದ ಎಳೆಯಬೇಕಾಯಿತು. ಆ ದಿನದಿಂದ ನನಗೂ ಅದೇ ಚಟ ಹತ್ತಿತು. ಕೈಗೆ ಬಂದ ಕಲ್ಲನ್ನೆಲ್ಲ ನಾಲಿಗೆಗೆ ಮುಟ್ಟಿಸಿ ನೋಡಿ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ನೋಟ್‌ಬುಕ್ಕು ಎಂದರೆ ಹಾಲಿನವ ಬಾರದ ದಿನಗಳ ಖಾಡೆ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಭೆಗೆ ಯಾರು ಸಕ್ಕರೆಯಿಲ್ಲದ ಚಹಾ ಕೇಳಿದರು, ಎಲ್ಲ ಒಂದೇ ಕಡೆ ಬರೆಯುವ ಉದ್ದನೆಯ ಪುಸ್ತಕ. ಅದರಲ್ಲಿ ಕಲ್ಲಿಗೂ ಜಾಗ ಸಿಕ್ಕಿತು.

ಆಗ ಹೊರಗಿನವರೂ ಬರುತ್ತಿದ್ದರು. ಒಮ್ಮೆ ದತ್ತವಾಡದ ಕಬ್ಬಿನವನೊಬ್ಬ ಬಾವಿಯ ಒಳಗೋಡೆ ಬಿರುಕು ಬಿಟ್ಟಿದೆ, ಮೋಟರು ಇಳಿಸಲೋ ಬೇಡವೋ ಎಂದು ಕೇಳಿಕೊಂಡು ಬಂದ. ಚಹಾ ಕುಡಿದು ಇಬ್ಬರು ಸ್ಕೂಟರಿನಲ್ಲಿ ಅವನ ಹಿಂದೆಯೇ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಅವರ ಪ್ಯಾಂಟು ಮೊಣಕಾಲತನಕ ಕೆಸರು. “ಇಳಿಸಬ್ಯಾಡ ಅಂತ ಹೇಳಿದಿವಿ” ಎಂದರು. ಮುಗಿಯಿತು. ನಡಾವಳಿಯಲ್ಲಿ ಅದು ಒಂದು ಸಾಲು.

ಆಮೇಲೆ ಸಂಘ ಬೆಳೆಯಿತು. ಬೆಳೆದದ್ದು ತಪ್ಪೆಂದು ನಾನು ಅನ್ನುವುದಿಲ್ಲ. ನೋಂದಣಿಯಾಯಿತು, ಮುದ್ರೆ ಬಂತು, ಎರಡನೇ ಮಹಡಿಯಲ್ಲಿ ತಣ್ಣಗಿನ ಸಭಾಂಗಣ ಬಂತು. ಕಾಲೇಜಿನ ಹುಡುಗ ಹುಡುಗಿಯರಿಗೆ ತರಬೇತಿ ಶುರುವಾಯಿತು, ಅದರಿಂದ ಎಷ್ಟೋ ಮಕ್ಕಳಿಗೆ ಒಳ್ಳೆಯದಾಗಿದೆ. ಸದಸ್ಯರಲ್ಲಿ ಸಾಮಾನ್ಯ, ಆಜೀವ, ಗೌರವ ಎಂದು ದರ್ಜೆಗಳಾದವು. ಸಮಿತಿ, ಸಮಿತಿಯ ಕೆಳಗೆ ಉಪಸಮಿತಿ. ವರ್ಷಕ್ಕೊಂದು ದೊಡ್ಡ ಸಮ್ಮೇಳನ. ಹಿರಿಯರ ಕಣ್ಣು ಮಂದವಾಗಿ ಅವರು ಪ್ರಯೋಗಾಲಯ ಮುಚ್ಚಿ ಗಡಹಿಂಗ್ಲಜಕ್ಕೆ ಹೋದರು. ಅವರಿಗೆ ಶಾಲು ಹೊದಿಸಿ ಗೌರವ ಸದಸ್ಯರನ್ನಾಗಿ ಮಾಡಿದರು. ಮೇಜಿನ ಮೇಲಿನ ಕಲ್ಲು ಯಾವಾಗ ನಿಂತಿತೋ ನೆನಪಿಲ್ಲ. ನಿಲ್ಲಿಸಬೇಕೆಂದು ಯಾರೂ ಠರಾವು ಮಾಡಲಿಲ್ಲ. ಗೋಡೆಯ ಮೇಲೆ ಫೋಟೋ ಬೀಳುವ ಯಂತ್ರ ಬಂತು, ಕಲ್ಲು ತರುವುದು ಬಿಟ್ಟುಹೋಯಿತು, ಅಷ್ಟೇ. ಫೋಟೋಗೆ ನಾಲಿಗೆ ಹಚ್ಚಲು ಬರುವುದಿಲ್ಲ.

ಅಕ್ಕನ ಊರ ಮೇಲಿನ ರಸ್ತೆಯನ್ನು ಅಗಲ ಮಾಡಲು ಹೊರಟಾಗ, ಗುಡ್ಡ ಕಡಿಯುವ ಮೊದಲು ಅಲ್ಲಿ ರಂಧ್ರ ಕೊರೆದು ಕಲ್ಲು ತೆಗೆದಿದ್ದರು. ಯಂತ್ರವು ಕಲ್ಲನ್ನು ಲಟ್ಟಣಿಗೆಯಷ್ಟು ದಪ್ಪದ ದುಂಡು ತುಂಡುಗಳಾಗಿ ಮೇಲೆತ್ತುತ್ತದೆ. ಅವನ್ನು ಸಾಲು ಸಾಲಿನ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಇಡುತ್ತಾರೆ. ಗುಡ್ಡದ ಹೊಟ್ಟೆಯಲ್ಲಿ ಯಾವ ಆಳಕ್ಕೆ ಏನಿದೆ ಎಂದು ಪೆಟ್ಟಿಗೆ ನೋಡಿ ಹೇಳಬಹುದು. ಕೊರೆಸಿದ ಸಲಹೆಗಾರರು ನಮ್ಮ ಸದಸ್ಯರೇ. ತಮ್ಮ ರಿಪೋರ್ಟು ಬರೆದು ಮುಗಿದ ಮೇಲೆ, ವಿದ್ಯಾರ್ಥಿಗಳಿಗೆ ಕಲಿಯಲು ಬರುತ್ತವೆ ಎಂದು ಪೆಟ್ಟಿಗೆಗಳನ್ನು ಸಂಘಕ್ಕೆ ಕೊಟ್ಟರು. ಸಂಘ ಅವನ್ನು ಶಹಾಪುರದ ಒಂದು ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ ಇರಿಸಿತು. ಶೆಡ್ಡು ನನ್ನ ಮನೆಗೆ ಹತ್ತಿರ, ಕೀಲಿಯೂ ನನ್ನ ಹತ್ತಿರ. ನೆಲದಲ್ಲಿ ಮಗ್ಗ ಕೂರಿಸಿದ್ದ ಬೋಲ್ಟಿನ ಗುರುತುಗಳು ಇನ್ನೂ ಇದ್ದವು.

ಪೆಟ್ಟಿಗೆಯ ಮೇಲೆ ಊರ ಹೆಸರು ಕಂಡು ಅಕ್ಕನಿಗೆ ಫೋನು ಮಾಡಿದ್ದೆ. “ಅಕ್ಕಾ, ನಿನ್ನ ಗುಡ್ಡ ನಮ್ಮ ಓಣಿಗೆ ಬಂದೈತಿ ನೋಡ.”

“ಇಟ್ಕೋ ಹಂಗಾರ. ಅಲ್ಲಿಂದನ ಕುರಿಗೆ ಮೇವನೂ ಕಳಸ” ಎಂದಳು.

ಆ ದಿನ ಒಂದೊಂದೇ ಪೆಟ್ಟಿಗೆ ತೆರೆದು ನೋಡಿ ಬರೆದೆ. ಏಳನೆಯದರ ಬಗ್ಗೆ ಬರೆದದ್ದು ಹೀಗಿದೆ: “ಮೂರನೇ ಸಾಲು. ನಡುವೆ ಕೆಂಪು, ಒಂದು ಗೇಣು. ಪುಡಿಯಾಗುತ್ತದೆ. ನಾಲಿಗೆಗೆ ಗಟ್ಟಿಯಾಗಿ ಹತ್ತಿತು.” ಅದರ ಕೆಳಗಿನ ಸಾಲಿನಲ್ಲಿ, “ಮನೆಗೆ ಎಣ್ಣೆ ತರುವುದು.”

ಸಮ್ಮೇಳನ ಬಂತು. ನಮ್ಮ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. ಅವರು ಶೆಡ್ಡಿಗೆ ಬಂದು ಧೂಳು ಹಿಡಿದ ಪೆಟ್ಟಿಗೆಗಳನ್ನು ನೋಡಿ ಮೂಗು ಮುಚ್ಚಿಕೊಂಡರು.

“ವೈನಿ, ಇವನ್ನ ಪ್ರದರ್ಶನಕ್ಕ ಇಡೂದೈತ್ರಿ. ಪುಣೆಯಿಂದ, ದಿಲ್ಲಿಯಿಂದ ಮಂದಿ ಬರಾಕತ್ತಾರ. ಚಲೋತಂಗ ತೊಳಸ್ರಿ. ಕಲ್ಲ ಅಂದ್ರ ಫಳಫಳ ಹೊಳೀಬೇಕು.”

ನಾನು ಮತ್ತು ಓಣಿಯ ಇಬ್ಬರು ಹೆಂಗಸರು ಬಕೀಟು, ಬ್ರಶ್ಶು ಹಿಡಿದು ಕುಳಿತೆವು. ಒಂದೊಂದು ತುಂಡನ್ನೂ ತಿಕ್ಕಿ ತಿಕ್ಕಿ ತೊಳೆದೆವು. ಕಪ್ಪು ಕಲ್ಲು ನಿಜವಾಗಿಯೂ ಹೊಳೆಯಿತು, ಒಳಗಿನ ಬಿಳಿ ಚುಕ್ಕೆಗಳು ಎದ್ದು ಕಂಡವು. ಏಳನೇ ಪೆಟ್ಟಿಗೆಯ ಮೂರನೇ ಸಾಲಿಗೆ ನೀರು ಬಿದ್ದದ್ದೇ ತಡ, ಆ ಒಂದು ಗೇಣು ಕೆಂಪು ಕರಗಿ ನನ್ನ ಬೆರಳ ಸಂದಿಯಿಂದ ಇಳಿದು ಹೋಯಿತು. ಗಟಾರಿನಲ್ಲಿ ಕೆಂಪು ನೀರು ಹರಿಯಿತು. ನೂಲಿಗೆ ಬಣ್ಣ ಹಾಕುವ ಇಚಲಕರಂಜಿಯ ಗಟಾರಿನಲ್ಲಿ ಬಣ್ಣದ ನೀರು ಹರಿಯುವುದನ್ನು ಯಾರು ತಿರುಗಿ ನೋಡುತ್ತಾರೆ?

ಸಾಲಿನ ನಡುವೆ ಖಾಲಿ ಜಾಗ ಉಳಿಯಿತು. ಹಿರಿಯರಿದ್ದಾಗ ಇಂಥ ಕಡೆ ಒಂದು ಕಟ್ಟಿಗೆಯ ತುಂಡನ್ನಿಟ್ಟು ಅದರ ಮೇಲೆ “ಇಲ್ಲಿ ಹೋಗಿದೆ” ಎಂದು ಬರೆಸುತ್ತಿದ್ದರು. ನನಗೆ ಅದು ಗೊತ್ತಿತ್ತು. ಕಾರ್ಯದರ್ಶಿಗೆ ತೋರಿಸಿ ಕೇಳಿದೆ ಕೂಡ.

“ನಡುವ ಖಾಲಿ ಬಿಟ್ರ ಹಲ್ಲ ಬಿದ್ದಂಗ ಕಾಣತೈತ್ರಿ. ಸರಿಸಿ ಜೋಡಸ್ರಿ” ಎಂದರು.

ಸರಿಸಿ ಜೋಡಿಸಿದೆ. ಕಪ್ಪು ಕಲ್ಲಿಗೆ ಕಪ್ಪು ಕಲ್ಲು ಬಂದು ಕೂತಿತು. ಸಮ್ಮೇಳನದಲ್ಲಿ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆದುಕೊಂಡರು. ಪೆಟ್ಟಿಗೆಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಎಂದು ಒಬ್ಬ ದೊಡ್ಡವರು ಮರಾಠಿಯಲ್ಲಿ ನನ್ನನ್ನು ಹೊಗಳಿದರು. ನನಗೆ ಹೆಮ್ಮೆಯಾಯಿತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅಕ್ಕನ ಫೋನು ಬಂದದ್ದು ಅದರ ಮುಂದಿನ ಮಳೆಗಾಲದಲ್ಲಿ. ಅಷ್ಟರಲ್ಲಿ ಗುಡ್ಡ ಕಡಿದು, ಕಡಿದ ಮೈಗೆ ತಂತಿಬಲೆ ಹೊದಿಸಿ, ಮೇಲೆ ಸಿಮೆಂಟು ಚಿಮ್ಮಿಸಿ, ನೀರು ಹೊರಬರಲೆಂದು ಅಲ್ಲಲ್ಲಿ ಪ್ಲಾಸ್ಟಿಕ್ ಕೊಳವೆ ಬಿಟ್ಟಿದ್ದರು. ಅದರ ಕೆಳಗೇ ಅಕ್ಕನ ಮನೆ, ಮನೆಗೆ ಹತ್ತಿಕೊಂಡು ಕುರಿಹಟ್ಟಿ.

“ಕೊಳವಿ ಒಳಗಿಂದ ಕೆಂಪ ನೀರ ಬರಾಕತ್ತೈತಿ. ಸಿಮೆಂಟ ಅಡ್ಡಕ್ಕ ಸೀಳೇತಿ, ಬೆರಳ ಹೋಗತೈತಿ ಅದರಾಗ. ರಸ್ತೆ ಆಫೀಸಿಗೆ ಹೋದ್ರ, ನಮ್ಮ ರಿಪೋರ್ಟನ್ಯಾಗ ಎಲ್ಲಾ ಬರೋಬರಿ ಐತಿ ಅಂತಾರ. ನಿಮ್ಮ ಭಾವ ಅಂತೂ, ಅಪ್ಪ ಕಟ್ಟಿದ ಮನಿ, ಜಗ್ಗಂಗಿಲ್ಲ ಅಂತ ಕುಂತಾನ. ತಿಳದವರ ಒಬ್ರು ಹೇಳಿದ್ರ ಕೇಳತಾನ.”

ಕೆಂಪು ನೀರು ಎಂದು ಕೇಳಿದ ಕೂಡಲೇ ನನ್ನ ಬೆರಳುಗಳಿಗೆ ನೆನಪಾಯಿತು. ನೋಟ್‌ಬುಕ್ಕು ತೆಗೆದು ಆ ಸಾಲು ಹುಡುಕಿದೆ.

ಅಕ್ಕನ ಪ್ರಶ್ನೆಯನ್ನು ಸಂಘದ ಸಭೆಯ ವಿಷಯಪಟ್ಟಿಯಲ್ಲಿ ಹನ್ನೊಂದನೆಯದಾಗಿ ಸೇರಿಸಲು ಒಪ್ಪಿಗೆ ಸಿಕ್ಕಿತು. ಹತ್ತು ವಿಷಯ ಮುಗಿಯುವ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು. ನಾನು ನಿಂತು ಕೆಂಪು ನೀರು, ಸೀಳು ಎಲ್ಲ ಹೇಳಿದೆ. ಯಾರಾದರೂ ಒಬ್ಬರು ಹೋಗಿ ನೋಡಿ ಬನ್ನಿ, ಇರಬೇಕೋ ಬಿಡಬೇಕೋ ಅಷ್ಟು ಹೇಳಿ.

ಕಾರ್ಯದರ್ಶಿ ಸಮಾಧಾನದಿಂದಲೇ ಹೇಳಿದರು: “ವೈನಿ, ಸಂಘ ಅಭಿಪ್ರಾಯ ಕೊಡಂಗಿಲ್ರಿ. ಅಭಿಪ್ರಾಯ ಕೊಡೂ ಮಂದೀನ ತಯಾರ ಮಾಡತೈತಿ. ನಿಯಮಾವಳಿ ಹಂಗೈತಿ.”

“ಹಂಗಾರ ಆ ತಯಾರ ಆದವರು ಯಾರರ ಒಬ್ರು ಬರ್ರಿ.”

“ಅಲ್ಲಿ ಕೆಲಸ ಮಾಡಿದವರು ನಮ್ಮ ಸದಸ್ಯರ ಅದಾರಲ್ರಿ. ಒಬ್ಬ ಸದಸ್ಯನ ಕೆಲಸದ ಮ್ಯಾಲ ಇನ್ನೊಬ್ಬ ಹೆಂಗ ಮಾತಾಡೂದು?”

ಇನ್ನೊಬ್ಬರು ಮರಾಠಿಯಲ್ಲಿ ಲೆಕ್ಕ ಬಿಡಿಸಿದರು. ಬಿಡಿ ಎಂದು ಹೇಳಿ ಗುಡ್ಡ ಬೀಳದಿದ್ದರೆ ನಮ್ಮ ಹೆಸರು ಹಾಳು, ಇರಿ ಎಂದು ಹೇಳಿ ಬಿದ್ದರೆ ನಾವೇ ಹಾಳು. ಗೋಡೆಯ ಮೇಲೆ ಸಮ್ಮೇಳನದ ಫೋಟೋ ಹಾಕಿದರು. ಏಳನೇ ಪೆಟ್ಟಿಗೆ ಫಳಫಳ ಹೊಳೆಯಿತು. ನೋಡಿ, ಕಲ್ಲಿನ ಮೇಲೆ ಕಲ್ಲು, ಕೆಂಪೆಲ್ಲಿದೆ ಎಂದರು.

ನಾನು ನೋಟ್‌ಬುಕ್ಕು ತೆಗೆದು ಆ ಸಾಲು ಓದಿದೆ. “ನಾಲಿಗೆಗೆ ಗಟ್ಟಿಯಾಗಿ ಹತ್ತಿತು” ಎಂದಾಗ ಯಾರೋ ಕಿಸಕ್ಕೆಂದರು.

“ವೈನಿ, ನಿಮ್ಮ ನಾಲಗಿಗೆ ಯಾವ ಕಾಲೇಜಿನ ಸರ್ಟಿಫಿಕೇಟ್ ಐತ್ರಿ?”

ಎಲ್ಲರೂ ನಕ್ಕರು. ನಾಚಿಕೆಯ ಮಾತೆಂದರೆ ನಾನೂ ನಕ್ಕೆ. ಇಷ್ಟು ವರ್ಷ ಅವರಿಗೆ ಚಹಾ ಕೊಟ್ಟ ರೂಢಿ, ಅವರು ನಕ್ಕರೆ ನನಗೂ ನಗೆ ಬರುತ್ತದೆ. ಆಮೇಲೆ ಹೇಳಿದೆ, “ಕೆಂಪ ಇತ್ರಿ. ಅದನ್ನ ತೊಳದಾಕಿ ನಾನ. ಸರಿಸಿ ಜೋಡಿಸಿದಾಕೀನೂ ನಾನ.”

ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಕಡೆಗೆ, “ಇದನ್ನ ನಡಾವಳಿಯೊಳಗ ಬರೀಬ್ಯಾಡ್ರಿ” ಎಂದರು. ವಿಷಯವನ್ನು ಪರಿಶೀಲಿಸಲು ಉಪಸಮಿತಿ ರಚಿಸಬೇಕು ಎಂದಾಯಿತು. ಅದರ ಸದಸ್ಯರು ಯಾರೆಂಬುದು ಮುಂದಿನ ಸಭೆಗೆ.

ಮೂರು ಸಭೆ ಕಾದೆ. ನಾಲ್ಕನೆಯದಕ್ಕೆ ಸಭಾಂಗಣದ ಹೊಸ ಪರದೆಯ ಬಣ್ಣದ ಮೇಲೆ ಅಷ್ಟು ಹೊತ್ತು ಚರ್ಚೆಯಾಯಿತು, ಹನ್ನೊಂದನೇ ವಿಷಯ ಮುಟ್ಟಲೇ ಇಲ್ಲ. ಆ ಭಾನುವಾರ ನಾನೇ ಬಸ್ಸು ಹತ್ತಿದೆ.

ಅಕ್ಕ ಕೊಡೆ ಹಿಡಿದು ನನ್ನನ್ನು ಮನೆಯ ಹಿಂದಕ್ಕೆ ಕರೆದೊಯ್ದಳು. ಕೊಳವೆಯ ಬಾಯಲ್ಲಿ ಕೆಂಪು ರಾಡಿ ಗಟ್ಟಿಯಾಗಿ ಕೂತಿತ್ತು. ಚೂರು ಬೆರಳಿನಿಂದ ಕಿತ್ತು ಒರೆಸಿ ನಾಲಿಗೆಗೆ ಮುಟ್ಟಿಸಿದೆ. ಹಸಿ ಇದ್ದದ್ದಕ್ಕೆ ಹತ್ತಲಿಲ್ಲ, ಸಾಬೂನಿನ ಹಾಗೆ ಜಾರಿತು.

“ಏನಬೇ, ತಿಂದ ನೋಡೂ ಅಷ್ಟ ಬಂತೇನು ನಿಮ್ಮ ಸಂಘದ ಹಣೇಬಾರ?” ಎಂದಳು ಅಕ್ಕ. ಭಾವ ಕಟ್ಟೆಯ ಮೇಲೆ ಕುರಿ ಉಣ್ಣೆ ಬಿಡಿಸುತ್ತ ಕೂತಿದ್ದ. “ಕುಲಕರ್ಣಿಕೀ ಮಾಡಾಕಿ ಬಂದ ಗುಡ್ಡಕ್ಕ ನೋಟೀಸ ಕೊಡತಾಳ ನೋಡ” ಎಂದು ನಕ್ಕ. ಅವನ ಬೆನ್ನ ಹಿಂದೆಯೇ ಆ ಸೀಳು ಕಾಣುತ್ತಿತ್ತು.

ರಾಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಗಡಹಿಂಗ್ಲಜದಲ್ಲಿ ಇಳಿದೆ. ಹಿರಿಯರ ಮನೆ ಹಿರಣ್ಯಕೇಶಿ ಹೊಳೆಯ ದಂಡೆಯ ಕಡೆಗೆ. ಈಗ ಅವರಿಗೆ ಕಣ್ಣು ಪೂರಾ ಇಲ್ಲ. ನನ್ನ ದನಿ ಹಿಡಿದರು. ಚೀಲ ಬಿಚ್ಚಿ ಕೈಗೆ ಕೊಟ್ಟೆ. ಬಹಳ ಹೊತ್ತು ಬೆರಳುಗಳ ನಡುವೆ ತಿಕ್ಕಿದರು, ಮೂಸಿದರು.

“ಇದು ಪೆಟಿಗ್ಯಾಗ ಬಂದಿರಬೇಕಲ್ಲ ತಂಗಿ. ಯಾರೂ ನೋಡಲಿಲ್ಲೇನು?”

“ಬಂದಿತ್ರಿ. ತೊಳದ ಬಿಟ್ಟಿವ್ರಿ.”

“ಯಾರ ತೊಳದ್ರು?”

“ನಾನ ರೀ.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಣ್ಣು ಹತ್ತಿದ ಕೈಯನ್ನು ಹಾಗೆಯೇ ಮೊಣಕಾಲ ಮೇಲೆ ಇಟ್ಟುಕೊಂಡು, “ಗೌರವ ಸದಸ್ಯನ ಸಹಿ ನಡಿಯಂಗಿಲ್ಲ. ನನ್ನ ಸಹಿ ಕೇಳಬ್ಯಾಡ. ಆದ್ರ ನೀ ಅವರ ದಾರೀನೂ ಕಾಯಬ್ಯಾಡ. ಹೋಗಿ ಹೇಳಿಬಿಡ ಆಕಿಗೆ” ಎಂದರು.

ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದೆ. “ಮನಿ ಬಿಡ್ರಿ” ಎಂದೆ.

“ಇದು ನಿಮ್ಮ ಸಂಘ ಹೇಳಿದ್ದೇನು?”

“ಅಲ್ಲ. ನಾ ಹೇಳಾಕತ್ತೇನಿ.”

ಮೈಕಿನಲ್ಲಿ ಮರಾಠಿಯಲ್ಲಿ ಕೊಲ್ಹಾಪುರದ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಹೇಳುತ್ತಿದ್ದರು. “ನಿನ್ನ ಮಾತಿಗೆ ನಿಮ್ಮ ಭಾವ ಏಳಂಗಿಲ್ಲ. ನಾ ಏಳತೇನಿ. ಕುರಿ ನನ್ನ ಹಿಂದ ಬರತಾವ, ಅವಾ ಕುರಿ ಹಿಂದ ಬರತಾನ” ಎಂದಳು ಅಕ್ಕ. ಹಾಗೆಯೇ ಆಯಿತು. ಆಚೆ ದಿಬ್ಬದ ಹೊಲದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು.

ಗುಡ್ಡ ಬಿದ್ದಿಲ್ಲ. ಎಲ್ಲಕ್ಕಿಂತ ಕಷ್ಟದ ಮಾತು ಅದೇ. ಬೀಳಲಿ ಎಂದು ಯಾರು ಬಯಸುತ್ತಾರೆ? ಆದರೆ ತಗಡಿನ ಕೆಳಗೆ ಬೇಸಿಗೆ ಕಳೆದ ಭಾವ ಸಿಕ್ಕಾಗಲೆಲ್ಲ, “ಏನ ತಂಗೀ, ಗುಡ್ಡ ಯಾವಾಗ ಬರತೈತಂತ? ತಾರೀಖ ಕೊಟ್ಟಾರೇನ?” ಎನ್ನುತ್ತಾನೆ. ಈ ಮಳೆಗಾಲ ಅಕ್ಕ ಮತ್ತೆ ಫೋನು ಮಾಡಿದಳು. ಮಳೆ ಜೋರಾಗಿದೆ, ಆದರೆ ಕೊಳವೆಗಳಿಂದ ಕೆಂಪು ನೀರು ಬರುವುದು ನಿಂತಿದೆ. ಗುಡ್ಡ ಒಣಗಿದೆ, ಇನ್ನು ಮನೆಗೆ ಹೋಗೋಣ ಎಂದು ಭಾವ ಗಂಟು ಕಟ್ಟುತ್ತಿದ್ದಾನೆ. ಮಳೆ ಬರುವಾಗ ಕೊಳವೆ ಬತ್ತಿದರೆ ಗುಡ್ಡ ಒಣಗಿದೆ ಎಂದಲ್ಲ, ಕೊಳವೆ ಕಟ್ಟಿಕೊಂಡು ನೀರು ಒಳಗೇ ನಿಂತಿದೆ ಎಂದು ನನಗೂ ತಿಳಿಯುತ್ತದೆ. ಅದನ್ನು ಹೇಳಲು ಮುದ್ರೆಯಿರುವ ಒಬ್ಬ ಮನುಷ್ಯ ನನಗೆ ಬೇಕಿತ್ತು.

ಚೀಲದಲ್ಲಿ ಉಳಿದಿದ್ದ ಮಣ್ಣು ಒಣಗಿ ಗಟ್ಟಿ ಹೆಂಟೆಯಾಗಿತ್ತು. ಸಭೆಯ ದಿನ ಅದನ್ನು ತೆಗೆದುಕೊಂಡು ಹೋಗಿ, ಯಾರನ್ನೂ ಕೇಳದೆ, ಲ್ಯಾಪ್‌ಟಾಪುಗಳ ನಡುವೆ ಮೇಜಿನ ಮೇಲೆ ಇಟ್ಟೆ. ಮೊದಲಿನ ಹಾಗೆ ಸುತ್ತಿ ಬರಲಿ ಎಂದು. ಪಕ್ಕದಲ್ಲಿ ಕೂತವರು ತಮ್ಮ ಕಾಗದ ಕೆಂಪಾಗಬಾರದೆಂದು ಆಚೆ ಎಳೆದುಕೊಂಡರು. ಕಾರ್ಯದರ್ಶಿ ಹನ್ನೊಂದನೇ ವಿಷಯ ಮುಂದಿನ ಸಭೆಗೆ ಎಂದು ಓದಿದರು. ಎಲ್ಲರೂ ಎದ್ದ ಮೇಲೆ ಹೇಳಿದರು, “ವೈನಿ, ಮೇಜ ಒರಿಸಿಬಿಡ್ರಿ.”

ಒರೆಸಲಿಲ್ಲ. ಮೊದಲು ಕೂತು ನಡಾವಳಿ ಬರೆದೆ. “ಮೇಜಿನ ಮೇಲೆ ಕಲ್ಲು ಇಡಲಾಯಿತು. ಯಾರೂ ಮುಟ್ಟಲಿಲ್ಲ.” ಅದರ ಕೆಳಗೆ, ಹಿಂದಿನ ವರ್ಷ ಬರೆಯಬೇಡಿ ಎಂದದ್ದನ್ನೂ ಬರೆದೆ: ಏಳನೇ ಪೆಟ್ಟಿಗೆ, ಮೂರನೇ ಸಾಲು, ಒಂದು ಗೇಣು ಕೆಂಪು, ತೊಳೆದವಳು ನಾನು. ಮುಂದಿನ ಸಭೆಯಲ್ಲಿ ಅದನ್ನು ಓದುವಾಗ ಹೊಡೆದು ಹಾಕುತ್ತಾರೆ, ಗೊತ್ತು. ಹೊಡೆದು ಹಾಕಬೇಕಾದರೂ ಒಮ್ಮೆ ಓದಬೇಕಲ್ಲ.

ಬಸ್ಸಿನಲ್ಲಿ ಕೂತಾಗ ಅಕ್ಕನ ಫೋನು. “ಏನಂದ್ರು?”

“ಮುಂದಿನ ಸಭಾಕ್ಕ ಅಂದ್ರು.”

“ಹಂಗಾರ ನೀ ಏನಂತಿ?”

“ಇಳೀಬ್ಯಾಡ್ರಿ ಕೆಳಗ. ನೀರ ಒಳಗ ನಿಂತೈತಿ.”

ಅಕ್ಕ ಫೋನು ಕೆಳಗಿಡದೆಯೇ ಭಾವನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು. “ಏ, ಆ ಗಂಟ ಬಿಚ್ಚ. ತಂಗಿ ಬ್ಯಾಡ ಅಂದಾಳ.” ಆಮೇಲೆ ಭಾವನ ಗೊಣಗು, ತಗಡಿನ ಮೇಲೆ ಮಳೆಯ ಸದ್ದು, ಗಂಟು ಧೊಪ್ಪೆಂದು ನೆಲಕ್ಕೆ ಬಿದ್ದದ್ದು.